ಅಮ್ಮನ ಬಾಗಿಲು ತಟ್ಟುವವರು

ನಮ್ಮ ಬೀದಿಯ ಮೊಬೈಲ್ ರಿಪೇರಿಯವನಿಗೆ ತಲೆ ಚುರುಕು, ಆದರೆ ಅಕ್ಕಪಕ್ಕದ ಸುದ್ದಿ ಮಾತ್ರ ಕಿವಿಗೆ ಬೀಳುವುದಿಲ್ಲ. ಹೋದ ವರ್ಷ ಹೊಳೆ ನೀರು ಬೀದಿಗೆ ನುಗ್ಗಿದ ಮೇಲೆ ಅವನೇ ವಾಟ್ಸಾಪ್ ಗುಂಪು ಕಟ್ಟಿ, ಮನೆಮನೆಗೂ ಚುಕ್ಕೆಯಿಟ್ಟು ಮ್ಯಾಪ್ ಮಾಡಿದ. ನಡೆಯಲಾಗದವರ ಮನೆಗೆ ಕೆಂಪು ಚುಕ್ಕೆ. ನೀರು ಬಂದರೆ ಅಂಥವರ ಬಾಗಿಲು ತಟ್ಟಿ, ಎತ್ತರದಲ್ಲಿರುವ ಶಾಲೆಗೆ ಕರೆದೊಯ್ಯಬೇಕಾದವರು ಯಾರು ಎಂಬುದೂ ಅದರಲ್ಲೇ. ಹಗಲಿಡೀ ನಾನು ಟೈಲರ್ ಅಂಗಡಿಯಲ್ಲಿರುತ್ತೇನೆಂದು, ಮಂಡಿ ಹಿಡಿದುಹೋದ ನನ್ನ ಅಮ್ಮನ ಹೊಣೆಯನ್ನು ಆ ಮಹಾಶಯ ತೀರಾ ಹತ್ತಿರದ ಮನೆಗೆ ವಹಿಸಿಬಿಟ್ಟಿದ್ದ.

ಆ ಮನೆ ಚಿಕ್ಕಮ್ಮನದು. ಅಮ್ಮನ ಒಡಹುಟ್ಟಿದ ತಂಗಿ. ನಡುವೆ ಒಂದೇ ಗೋಡೆ, ಮಾತು ಬಿಟ್ಟು ಮಾತ್ರ ವರ್ಷಗಳೇ ಆಗಿವೆ. ಅವರಿಬ್ಬರ ತಾಯಿ, ನನ್ನ ಅಜ್ಜಿ, ನಮ್ಮ ಮನೆಯಲ್ಲಿ ಕೊನೆಯುಸಿರು ಎಳೆಯುವಾಗ ಚಿಕ್ಕಮ್ಮ ಆಸ್ಪತ್ರೆಯಲ್ಲಿ ನರ್ಸ್ ಪಾಳಿ ಮುಗಿಸಿ ಬಂದು ತನ್ನ ಮನೆಯಲ್ಲಿ ಮಲಗಿದ್ದಳು. ಪಾಪ, ದಣಿದು ಬಂದಿದ್ದಾಳೆ ಎಂದು ಅಮ್ಮ ಬಾಗಿಲು ತಟ್ಟಲಿಲ್ಲ. ಅವಳು ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಡೀ ಬೀದಿಗೆ ಗೊತ್ತಿರುವ ಈ ವಿಷಯ ಮ್ಯಾಪಿಗೆ ಹೇಗೆ ಗೊತ್ತಾಗಬೇಕು?

ನನಗೆ ಮೈಯೆಲ್ಲ ಉರಿದುಹೋಯಿತು. "ತಡಿ, ಅವನ ಗ್ರಹಚಾರ ಬಿಡಿಸಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದೆ.

"ಇರ್ಲಿ ಬಿಡೇ," ಎಂದಳು ಅಮ್ಮ, ಬಟ್ಟೆ ಮಡಚುತ್ತ. "ಬರ್ತಾಳೋ ಇಲ್ವೋ ನೋಡೋಣ."

ಆ ದನಿಯಲ್ಲಿದ್ದ ಆಸೆ ಕೇಳಿ ನಾನು ಚಪ್ಪಲಿ ಬಿಚ್ಚಿಟ್ಟೆ. ಚಿಕ್ಕಮ್ಮನೋ, ಗುಂಪಿನಲ್ಲಿ ಆಗುತ್ತೆ ಅನ್ನಲಿಲ್ಲ, ಆಗಲ್ಲ ಅನ್ನಲಿಲ್ಲ. ಅವಳು ಬರದಿದ್ದರೆ ಅಮ್ಮ ಇನ್ನು ತಂಗಿಯ ಆಸೆಯನ್ನೇ ಬಿಟ್ಟುಬಿಡುತ್ತಾಳೆ ಎಂದು ನನಗೆ ಭಯ.

ಭಾನುವಾರ, ನೀರು ಬಂದರೆ ಹೇಗೆ ಹೊರಡಬೇಕೆಂಬುದರ ತಾಲೀಮು. ನಾನು ಮನೆಯಲ್ಲಿದ್ದರೂ ಇಲ್ಲದವಳಂತೆ ಕೂರಬೇಕೆಂದು ರಿಪೇರಿಯವನ ಕಟ್ಟಪ್ಪಣೆ. ಅಮ್ಮ ಬೆಳಿಗ್ಗೆಯೇ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಬಾಗಿಲಿಗೆದುರಾಗಿ ಕುರ್ಚಿ ಹಾಕಿಸಿಕೊಂಡಳು. ನೀರು ನುಗ್ಗುವಾಗ ಯಾರಾದರೂ ಒಳ್ಳೆ ಸೀರೆ ಉಡುತ್ತಾರಾ?

"ನೀರು ಬಂತು, ಹೊರಡಿ," ಎಂದು ಮೊಬೈಲಿಗೆ ಮೆಸೇಜ್ ಬಿತ್ತು. ಬೀದಿಯಲ್ಲಿ ದಡಬಡ ಸದ್ದು, ಮಕ್ಕಳ ಕೇಕೆ. ಬರಬರುತ್ತ ಎಲ್ಲ ದೂರವಾಯಿತು. ಅಮ್ಮ ಸೆರಗಿನ ತುದಿ ತಿರುಚುತ್ತಲೇ ಇದ್ದಳು.

"ಸಾಕಮ್ಮ, ಏಳು. ನಾನೇ ಕರ್ಕೊಂಡ್ ಹೋಗ್ತೀನಿ."

ಅಷ್ಟರಲ್ಲಿ ಬಾಗಿಲಿಗೆ ಏಟು ಬಿತ್ತು. ತಟ್ಟಿದ್ದಲ್ಲ, ಮುರಿದುಬೀಳುವಂತೆ ಗುದ್ದಿದ್ದು.

"ಚಿಲಕ ಹಾಕಿಲ್ಲ ಕಣೇ," ಎಂದಳು ಅಮ್ಮ.

"ಹಾಕದಿದ್ರೂ ತಟ್ಬೇಕು. ತಟ್ಟೋದು ಅಂದ್ರೇನು ಅಂತ ನಿಂಗೂ ಗೊತ್ತಾಗ್ಲಿ," ಎನ್ನುತ್ತ ಚಿಕ್ಕಮ್ಮ ಒಳಬಂದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ತಪ್ಪಾಯ್ತು ಕಣೇ. ಅವತ್ತು ನಿನ್ನ ಎಬ್ಬಿಸ್ಬೇಕಿತ್ತು."

ಚಿಕ್ಕಮ್ಮ ಅಕ್ಕನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. "ಅಳೋದೆಲ್ಲ ಆಮೇಲೆ. ನೀರು ಬರ್ತಿದೆಯಂತೆ, ನಡಿ."

ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು, ದಾರಿಯುದ್ದಕ್ಕೂ ಮಂಡಿನೋವಿನ ಎಣ್ಣೆಯ ಬಗ್ಗೆ ಜಗಳವಾಡುತ್ತ ನಡೆದರು. ಶಾಲೆ ಮುಟ್ಟಿದವರಲ್ಲಿ ನಾವೇ ಕೊನೆ.

ರಿಪೇರಿಯವನು ಮೊಬೈಲ್ ನೋಡಿ ತಲೆ ಕೆರೆದುಕೊಂಡ. "ತುಂಬಾ ತಡ ಆಯ್ತಲ್ಲಮ್ಮಾ. ಇವರಿಗೆ ಬೇರೆ ಯಾರನ್ನಾದ್ರೂ ಹಾಕ್ಲಾ?"

ಚಿಕ್ಕಮ್ಮ ಅವನ ಕೈಯಿಂದ ಮೊಬೈಲನ್ನೇ ಕಿತ್ತುಕೊಂಡಳು.

"ಮುಟ್ಟಿದ್ರೆ ನೋಡು ಮತ್ತೆ! ನಮ್ಮಕ್ಕನ ಬಾಗಿಲು ನಂದು."