ಎರಡನೆಯ ಸಲ ಬಂದ ಬೇಳೆ

ಶಹಾಪುರದ ಫಿರೋಜ್ ದಾಲ್ ಮಿಲ್ಲುಗಳಿಗೆ ರೋಲರ್ ಮಾಡಿಕೊಡುವವನು. ಕಬ್ಬಿಣದ ಉರುಳೆಗೆ ಸಾಣೆಕಲ್ಲಿನ ಪುಡಿಯ ಲೇಪ ಹಚ್ಚಿ, ಕರೆಂಟಿನ ಭಟ್ಟಿಯಲ್ಲಿ ಒಣಗಿಸುತ್ತಿದ್ದ. ಆ ಒರಟು ಮೈಗೆ ಉಜ್ಜಿಕೊಂಡು ತೊಗರಿ ಸಿಪ್ಪೆ ಕಳಚುತ್ತಿತ್ತು. ಹೊಸ ರೋಲರಿನಿಂದ ಬಿದ್ದ ಮೊದಲ ಬೇಳೆಯನ್ನು ಮಿಲ್ಲಿನವರು ರೋಲರ್ ಮಾಡಿದವನ ಮನೆಗೆ ಕಳಿಸುವುದು ಅವನ ತಂದೆ ಸಿಕಂದರನ ಕಾಲದಿಂದ ಬಂದ ರೂಢಿ.

ಈ ಸುಗ್ಗಿಗೆ ಕೊಟ್ಟ ರೋಲರಿನ ಆ ಬೇಳೆ ಸುರಪುರದ ಬಸವಂತ್ರಾಯರ ಮಿಲ್ಲಿನಿಂದ ಆಗಲೇ ಬಂದಿತ್ತು. ಸುಗ್ಗಿ ಮುಗಿಯುವ ಮೊದಲೇ ಅಲ್ಲಿಂದ ಇನ್ನೊಂದು ಗಂಟು ಬಂದಾಗ ಫಿರೋಜ್‌ಗೆ ಏನೂ ತಿಳಿಯಲಿಲ್ಲ. ಎರಡನೆಯ ರೋಲರನ್ನು ಅವನು ಕಳಿಸಿಯೇ ಇರಲಿಲ್ಲ.

ತಾಯಿ ಮಕ್ತುಂಬಿ ಗಂಟು ಬಿಚ್ಚಿ ಮೊರಕ್ಕೆ ಸುರಿದಳು. "ಅರ್ಧಕ್ಕರ್ಧ ಸಿಪ್ಪಿ ಅದ. ಬಸವಂತ್ರಾಯಪ್ಪ ಬ್ಯಾಳಿ ಕಳ್ಸಿಲ್ಲ ಬೇಟಾ, ಬೈಗುಳ ಕಳ್ಸ್ಯಾನ."

ಫಿರೋಜ್ ಇನ್ನಷ್ಟು ಗೊಂದಲಕ್ಕೆ ಬಿದ್ದ. ತಯಾರಿಕೆಯಲ್ಲಿ ಕರೆಂಟು ಉಳಿಸಿರೆಂದು ಯಾದಗಿರಿಯಲ್ಲಿ ಸಣ್ಣ ಕಾರ್ಖಾನೆಯವರಿಗೆ ನಡೆದ ತರಬೇತಿಯಲ್ಲಿ ಕೇಳಿ ಬಂದ ಮೇಲೆಯೇ ಅವನು ಆ ರೋಲರಿನ ಲೇಪವನ್ನು ತೆಳುವಾಗಿಸಿದ್ದು. ಭಟ್ಟಿ ಅರ್ಧ ಹೊತ್ತು ಕಾದರೆ ಸಾಕಾಗುತ್ತಿತ್ತು. ಹೇಳಿದಂತೆ ನಡೆದವನಲ್ಲಿ ತಪ್ಪೆಲ್ಲಿ ಹೊಕ್ಕಿತು?

ಸುರಪುರದ ಬಸ್ಸು ಹತ್ತಿದ. ಮಿಲ್ಲಿನಲ್ಲಿ ಒಮ್ಮೆ ಹಾದುಬಂದ ತೊಗರಿಯನ್ನೇ ಮತ್ತೆ ಸುರಿಯುತ್ತಿದ್ದರು.

"ಬರ್ರಿ ಇಂಜಿನಿಯರ್ ಸಾಬ್ರ," ಎಂದರು ಬಸವಂತ್ರಾಯರು. "ಬ್ಯಾಳಿ ರುಚಿ ಇತ್ತೇನ್ರಿ?"

"ಕರೆಂಟ್ ಉಳಸ್ಬೇಕಂತ ಮಾಡೀನ್ರಿ ಕಾಕಾ."

"ಉಳಿಸಿದಿ. ನೀ ಉಳಿಸಿದ್ದೆಲ್ಲಾ ನಮ್ಮ ಮೀಟರಿಗೆ ಬಂದು ಕುಂತದ. ಲೇಪ ಸವದು ಕಬ್ಬಿಣ ಹಲ್ಲು ಕಿಸದದ, ಒಂದ ತೊಗರಿ ಎರಡೆರಡು ಸಲ ಹಾಕಾಕತ್ತೀವಿ. ತರಬೇತ್ಯಾಗ ಹಿಂಗ ಕಲಿಸ್ಯಾರೇನು?"

"ಮುಂಜಾನಿದ್ದಷ್ಟೇ ಕೇಳೀನ್ರಿ, ಮಧ್ಯಾಹ್ನದ ಪಾಠ ಕೇಳಿಲ್ರಿ. ಊಟ ಮಾಡಿ ಬಸ್ ಹತ್ತಿದ್ದೆ."

"ಭೇಷ್. ಇನ್ನ ಮ್ಯಾಲ ರೋಲರ್ ಕಲಬುರಗಿಲಿಂದ ತರಸ್ತೀನಿ. ಸಿಕಂದರನ ಮಾರಿ ನೋಡಿ ಇಷ್ಟ ದಿನ ನಿನ್ನ ಕೈಯಾಗ ಕೆಲಸ ಕೊಟ್ಟೆ."

ತಂದೆಯ ಕಾಲದ ಗಿರಾಕಿ ಕೈತಪ್ಪುವುದು ಫಿರೋಜ್‌ಗೆ ಕಣ್ಣೆದುರೇ ಕಂಡಿತು. "ಹೊಸ ಉರುಳಿ ಬ್ಯಾಡ್ರಿ. ಇದನ್ನೇ ಒಯ್ದು, ಮೊದಲಿನಂಗ ದಪ್ಪ ಲೇಪ ಹಚ್ಚಿ ತರ್ತೀನಿ."

"ನಿನ್ನ ಭಟ್ಟಿಗಿ ಕರೆಂಟ್ ಭಾಳ ಹತ್ತತದಲ್ಲ?"

"ಹತ್ತತದ್ರಿ."

"ಹಂಗಾರ ಉಳದದ್ದೇನಪಾ?"

ಫಿರೋಜ್ ತನ್ನ ಮೀಟರು, ಮಿಲ್ಲಿನ ಮೀಟರು ಎರಡನ್ನೂ ಮನಸ್ಸಿನಲ್ಲಿ ಕೂಡಿಸಿ ನೋಡಿದ. ಒಂದಕ್ಕೊಂದು ಕೂಡಲಿಲ್ಲ. "ಗೊತ್ತಾಗವಲ್ದು ಕಾಕಾ. ಆದ್ರ ಬ್ಯಾಳಿ ಒಮ್ಮಿಗೇ ಬೀಳತದ, ವರ್ಷಗಟ್ಲೆ ಬೀಳತದ."

ಬಸವಂತ್ರಾಯರು ಮಿಲ್ಲು ನಿಲ್ಲಿಸಲು ಕೈ ಮಾಡಿದರು. "ಒಯ್ಯಿ. ಮೊದಲ ಬ್ಯಾಳಿ ನೋಡಿ ಮಾತಾಡೋಣು."

ಸವೆದ ಉರುಳೆಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಫಿರೋಜ್ ಶಹಾಪುರಕ್ಕೆ ಮರಳಿದ. ದಪ್ಪನೆಯ ಲೇಪ ಹಚ್ಚಿ, ಭಟ್ಟಿಯನ್ನು ಪೂರ್ತಿ ಹೊತ್ತಿಗೆ ಇಟ್ಟ. ಗೋಡೆಯ ಮೇಲಿನ ಮೀಟರನ್ನು ನೋಡಬೇಕೋ ಬೇಡವೋ ತಿಳಿಯದೆ, ಅದಕ್ಕೆ ಬೆನ್ನು ಮಾಡಿ ಕುಳಿತ.