ಕಾಗದದ ಬುಟ್ಟಿಯ ನೀಲಿ

ಕಾಗದ ನೆನೆಯಲು ಮೂರು ದಿನ ಬೇಕು. ನಾಲ್ಕನೆಯ ಬೆಳಿಗ್ಗೆ ಕೊಪ್ಪರಿಗೆಯೊಳಗೆ ಕೈಯಿಟ್ಟರೆ ಮದುವೆಯ ಕಾಗದ ಯಾವುದು, ಹೋದ ವರ್ಷದ ಕ್ಯಾಲೆಂಡರು ಯಾವುದು ಎಂದು ಬೆರಳಿಗೆ ತಿಳಿಯುವುದಿಲ್ಲ. ಅದನ್ನು ಹಿಂಡಿ, ನೆನೆಸಿದ ಮೆಂತ್ಯದ ಜೊತೆ ಒರಳಿಗೆ ಹಾಕಿ ನುಣ್ಣಗೆ ರುಬ್ಬಬೇಕು. ಆಮೇಲೆ ಒಂದು ಹಳೆ ಮಡಕೆಯನ್ನು ಕವುಚಿ, ಅದಕ್ಕೆ ಹರಿದ ಸೀರೆಯ ತುಂಡು ಹೊದಿಸಿ, ಮೇಲೆ ಆ ಹಿಟ್ಟನ್ನು ತಟ್ಟುತ್ತ ಬರಬೇಕು. ನೆರಳಿನಲ್ಲಿ ಒಣಗಿದರೆ ಎಂಟು ದಿನಕ್ಕೆ ಬುಟ್ಟಿ.

ಮಂಗಳಗೌರಿ ಇದನ್ನು ಕೃಷ್ಣರಾಜನಗರದ ಕಡೆಯ ತವರಿನಿಂದ ಕಲಿತು ಬಂದವಳು. ಪಿರಿಯಾಪಟ್ಟಣದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷ. ಈಗ ಅವಳ ಬುಟ್ಟಿಯಿಲ್ಲದ ಮನೆ ಬೀದಿಯಲ್ಲಿಲ್ಲ. ಒಂದರಲ್ಲಿ ಬೆಳ್ಳುಳ್ಳಿ, ಒಂದರಲ್ಲಿ ರಾಗಿಹಿಟ್ಟು. ಸುಣ್ಣ ಬಳಿದು ಕೆಮ್ಮಣ್ಣಿನ ಎಳೆ ಬರೆದದ್ದು ದೇವರ ಮುಂದೆ ಹೂವಿಗೆ. ಪಕ್ಕದ ಮನೆಯ ಭದ್ರಮ್ಮ ರದ್ದಿ ಕಾಗದ ತಂದು ಸುರಿದಾಗಲೆಲ್ಲ, "ಇವಳ ಕೈಗೆ ಸಿಕ್ರೆ ನಮ್ ಪಹಣಿನೂ ಬುಟ್ಟಿಯಾಯ್ತದೆ ಕಣ್ರೀ, ಉಷಾರು" ಎಂದು ನಗುತ್ತಿದ್ದಳು.

ಈ ಸಲದ ಬುಟ್ಟಿ ನೀಲಿಯಾಗಿತ್ತು.

ಅದು ನೀಲಿಯಾದದ್ದು ಹೀಗೆ. ಮಾವ ಕಂಠಪ್ಪನವರ ಬಳಿ ಅವರ ತಂದೆ ಕೈಯಾರೆ ಬರೆದಿಟ್ಟ ಪದಗಳ ಒಂದು ಪುಸ್ತಕವಿತ್ತು. ಹೊಳೆಯಾಚೆಯ ಶಿವನ ಗುಡಿಗೆ ದಿನವೂ ದೀಪ ಹಚ್ಚಲು ಹೋಗುತ್ತಿದ್ದ ಒಬ್ಬ ಹೆಣ್ಣುಮಗಳ ಕತೆ ಅದು. ಶ್ರಾವಣದ ಸೋಮವಾರಗಳ ಸಂಜೆ ಕಂಠಪ್ಪನವರು ಅದನ್ನು ತೊಡೆಯ ಮೇಲೆ ಬಿಚ್ಚಿಕೊಂಡು ರಾಗವಾಗಿ ಓದುತ್ತಿದ್ದರು, ಬೀದಿಯವರು ಬಂದು ಕೇಳುತ್ತಿದ್ದರು. ಆರು ವರ್ಷದಿಂದ ಅವರ ಎರಡು ಕಣ್ಣಿಗೂ ಬೆಳಕಿರಲಿಲ್ಲ. ಆದರೂ ಬೆರಳು ಸಾಲಿನ ಮೇಲೆ ಹರಿಯುತ್ತಿತ್ತು, ಹಾಳೆ ಮಗುಚುವ ಹೊತ್ತಿಗೆ ಸರಿಯಾಗಿ ಹಾಳೆ ಮಗುಚುತ್ತಿತ್ತು. ಅವರು ಓದುತ್ತಿಲ್ಲವೆಂದು ಎಲ್ಲರಿಗೂ ಗೊತ್ತು, ಯಾರೂ ಅದನ್ನು ಆಡಿ ತೋರಿಸುತ್ತಿರಲಿಲ್ಲ. ಜಗಲಿಯಲ್ಲಿ ಕೂತು ತಮ್ಮಷ್ಟಕ್ಕೆ ಹಾಡಿಕೊಳ್ಳುವುದು ಬೇರೆ, ನಾಲ್ಕು ಜನರ ಮುಂದೆ ಹೇಳಬೇಕಾದರೆ ಪುಸ್ತಕ ತೊಡೆಯ ಮೇಲಿರಲೇಬೇಕು, ಇಲ್ಲದಿದ್ದರೆ ಅಪ್ಪನ ಮಾತು ತನ್ನ ಮಾತಾಗಿಬಿಡುತ್ತದೆ ಎಂದು ಅವರು ನಂಬಿದ್ದರು.

ಶ್ರಾವಣ ಹತ್ತಿರ ಬಂತೆಂದು ಮಂಗಳಗೌರಿ ಆ ಪುಸ್ತಕ ಸುತ್ತುವ ಕೆಂಪು ವಸ್ತ್ರವನ್ನು ಒಗೆಯಲು ಬಿಚ್ಚಿದಳು. ಪುಸ್ತಕವನ್ನು ಜಗಲಿಯ ಮೂಲೆಯಲ್ಲಿಟ್ಟಳು. ಮನೆಗೆ ಸುಣ್ಣ ಹೊಡೆಯಲೆಂದು ಅಟ್ಟದಿಂದ ಇಳಿಸಿದ ಹಳೆಯ ಕಾಗದಗಳೂ ಅಲ್ಲೇ ರಾಶಿ ಬಿದ್ದಿದ್ದವು. ವಸ್ತ್ರವನ್ನು ಹಗ್ಗಕ್ಕೆ ಹಾಕಿ ಬಂದು ಕಾಗದ ಹರಿಯಲು ಕೂತಳು. ಕಂಠಪ್ಪನವರು ಕಂಬಕ್ಕೊರಗಿ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ಹೊಳೆ ತುಂಬಿ ಬರುವ ಭಾಗ. ಪದ ಕಿವಿಗೆ ಬಿದ್ದರೆ ಮಂಗಳಗೌರಿಗೆ ಕಣ್ಣು ತೆರೆದಿದ್ದರೂ ಎದುರಿನದು ಕಾಣದು. ಕೆಂಪು ನೀರು, ತೇಲಿ ಬರುವ ಹೊಂಗೆಯ ಕೊಂಬೆ, ಸೆರಗಿನೊಳಗೆ ನಡುಗುವ ದೀಪದ ಕುಡಿ. ಒಂದೊಂದು ಸೊಲ್ಲು ಮುಗಿದಲ್ಲಿ ಕೈ ಒಂದೊಂದು ಹಾಳೆಯನ್ನು ಹರಿಯುತ್ತಿತ್ತು. ಮಳೆ ಹನಿಯುವಷ್ಟೇ ಸದ್ದು.

ಶ್ರಾವಣದ ಮೊದಲ ಸೋಮವಾರದ ಬೆಳಿಗ್ಗೆ, ಒಗೆದು ಮಡಿಸಿಟ್ಟಿದ್ದ ವಸ್ತ್ರ ತಂದಾಗ ಪುಸ್ತಕ ಇರಲಿಲ್ಲ. ಅಟ್ಟ, ಪೆಟ್ಟಿಗೆ, ದೇವರ ಗೂಡು ಎಲ್ಲ ನೋಡಿದಳು. ಕೊನೆಗೆ ಹಿತ್ತಿಲ ನೆರಳಿನಲ್ಲಿ ಮಡಕೆಯ ಮೇಲೆ ಒಣಗಿದ್ದ ಬುಟ್ಟಿಯ ಮುಂದೆ ನಿಂತಳು. ಬೆಳಗಾಗುವ ಮುಂಚಿನ ಆಕಾಶದಂಥ ನೀಲಿ. ಕ್ಯಾಲೆಂಡರಿನ ಬಣ್ಣ ಹಾಗೆ ಬಿಡುವುದಿಲ್ಲ. ಅದು ಹಳೆ ಕಾಲದ ಮಸಿ. ಅಂಚಿನಲ್ಲಿ ನುರಿಯದೆ ಉಳಿದ ಒಂದು ಚೂರಿನ ಮೇಲೆ ಅರ್ಧ ಅಕ್ಷರವಿತ್ತು.

ಗಂಡ ಸ್ವಾಮಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಕೊಡುತ್ತಿದ್ದ. ಎಲ್ಲ ಕೇಳಿಯೂ ಬೈಯಲಿಲ್ಲ. ಒಂದು ಕೊರಡನ್ನು ಒಳಗೆ ನೂಕಿ ಉರಿ ನೋಡಿದ. ಪುಸ್ತಕ ಹೋಯಿತೆಂದು ತಿಳಿದರೆ ಅಪ್ಪ ಇನ್ನು ನಾಲ್ಕು ಜನರ ಮುಂದೆ ಬಾಯಿ ತೆರೆಯಲಾರರು ಎಂಬುದು ಇಬ್ಬರಿಗೂ ಗೊತ್ತಿತ್ತು.

"ಹಳೇ ಪಂಚಾಂಗ ಐತಲ್ಲ, ಅದನ್ನೇ ಸುತ್ತಿಕೊಡು" ಎಂದ. "ಅಪ್ಪಯ್ಯಂಗೆ ಏನ್ ಕಾಣ್ತದೆ?"

ಅವಳು ಸುತ್ತಿದಳು. ದಪ್ಪವೂ ಸರಿಹೋಯಿತು.

ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬಿತು. ಕಂಠಪ್ಪನವರು ಮಿಂದು, ವಿಭೂತಿ ಧರಿಸಿ, ಚಾಪೆಯ ಮೇಲೆ ಕೂತು ಕೈ ಚಾಚಿದರು. ಅವಳು ಗಂಟನ್ನು ಆ ಕೈಗಳಲ್ಲಿಟ್ಟಳು. ಅವರು ಅದನ್ನು ಹಣೆಗೆ ಒತ್ತಿಕೊಂಡರು. ಪಂಚಾಂಗಕ್ಕೆ ಆ ಮುದಿ ಹಣೆ ಮುಟ್ಟಿದ್ದನ್ನು ಮಂಗಳಗೌರಿ ಕಂಡಳು. ಇನ್ನೆಷ್ಟು ಶ್ರಾವಣಗಳೋ, ಅಷ್ಟು ಶ್ರಾವಣವೂ ಈ ಸುಳ್ಳನ್ನು ಕಾಣುತ್ತ, ಕಿವಿಯಲ್ಲಿ ಪದವನ್ನೂ ತುಂಬಿಕೊಳ್ಳುವುದು ತನ್ನಿಂದಾಗದು ಎನ್ನಿಸಿತು. ಅವರ ಬೆರಳು ಗಂಟು ಬಿಚ್ಚುವ ಮೊದಲೇ ತನ್ನ ಕೈಯನ್ನು ಅದರ ಮೇಲಿಟ್ಟಳು.

"ಮಾವ, ಇದು ಪುಸ್ತಕ ಅಲ್ಲ. ಪುಸ್ತಕನ ನಾನು ರುಬ್ಬಿಬುಟ್ಟೆ."

ಭದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸ್ವಾಮಿ ನೆಲ ನೋಡಿದ. ಮಂಗಳಗೌರಿ ಹಿತ್ತಿಲಿಗೆ ಹೋಗಿ, ಬುಟ್ಟಿಯನ್ನು ಮಡಕೆಯಿಂದ ಬಿಡಿಸಿ ತಂದು ಮಾವನ ತೊಡೆಯ ಮೇಲಿಟ್ಟಳು.

ಕಂಠಪ್ಪನವರು ಅದರ ಹೊಟ್ಟೆ ಸವರಿದರು. ಅಂಚು ಸವರಿದರು. ಮೂಗಿನ ಹತ್ತಿರ ಹಿಡಿದರು, ಮೆಂತ್ಯದ ವಾಸನೆ.

"ಯಾವಾಗ ಹರಿದೆ?"

"ನೀವು ಜಗಲೀಲಿ ಹೊಳೆ ತುಂಬೋ ಪದ ಹೇಳ್ತಿದ್ರಿ. ಕೇಳ್ತಾ ಕೇಳ್ತಾ ಹರಿದೆ."

ಒಬ್ಬಿಬ್ಬರು ಏಳಲು ಹವಣಿಸಿದರು. ಆಗ ಮುದುಕರು ಗಂಟಲು ಸರಿಮಾಡಿಕೊಂಡರು.

"ನನ್ ಬಾಯಿ ಮುಂದೇನೇ ಹರಿದಿದೀಯ. ಕೇಳೋದನ್ನಾದ್ರೂ ನೆಟ್ಟಗೆ ಕೇಳಿದೀಯಾ, ಅದೂ ಇಲ್ವಾ? ಆ ಪದದ ಮೊದಲ್ನೆ ಸೊಲ್ಲು ಹೇಳು, ನೋಡಾನ."

ಅವಳು ಯಾರೆದುರೂ ಹಾಡಿದವಳಲ್ಲ. ಕಣ್ಣು ಮುಚ್ಚಿದಳು. ನೀರು ಕಂಡಿತು.

"ಹೊಳೆ ತುಂಬಿ ಬರುವಾಗ ಹಣತೆಯ ಹಿಡಿದವಳೆ, ನೀರಿಗೆ ನೀ ದಾರಿ ಕೇಳಿದೆಯೇನೆ..."

ಕಂಠಪ್ಪನವರು ಎರಡನೆಯ ಸೊಲ್ಲನ್ನು ಎತ್ತಿಕೊಂಡರು. ಬೆರಳಿಗೆ ಸಾಲುಗಳಿರಲಿಲ್ಲ, ಅದು ಬುಟ್ಟಿಯ ಅಂಚಿನಗುಂಟ ಸುತ್ತುತ್ತಿತ್ತು. ಮಗುಚಲು ಹಾಳೆಯಿಲ್ಲದ್ದರಿಂದ ಪದ ಎಲ್ಲಿಯೂ ನಿಲ್ಲಲಿಲ್ಲ. ಹೆಣ್ಣುಮಗಳು ಹೊಳೆಯ ದಡಕ್ಕೆ ಬಂದಳು. ನೀರಿಗೆ ಒಂದು ಕಾಲಿಟ್ಟಳು.

ಪುಸ್ತಕದಲ್ಲಿ ಇಲ್ಲಿ ಎರಡು ಹಾಳೆಗಳನ್ನು ಗೆದ್ದಲು ತಿಂದಿತ್ತು. ಕಂಠಪ್ಪನವರು ಯಾವಾಗಲೂ ಇಲ್ಲಿ ಒಂದು ಉಸಿರಿನಷ್ಟು ಸುಮ್ಮನಿದ್ದು, ಆಚೆ ದಡದ ಗಂಟೆಯ ಸದ್ದಿನಿಂದ ಮುಂದುವರಿಯುತ್ತಿದ್ದರು. ಅವಳು ಹೇಗೆ ದಾಟಿದಳೆಂದು ಮಂಗಳಗೌರಿ ಇಪ್ಪತ್ತೆಂಟು ವರ್ಷದಲ್ಲಿ ಕೇಳಿರಲಿಲ್ಲ. ಆ ಮೌನಕ್ಕಾಗಿ ಅವಳು ತಲೆ ಬಾಗಿಸಿ ಕಾದಳು.

ಮೌನ ಬರಲಿಲ್ಲ. ಅದೇ ರಾಗ ತಗ್ಗಿದ ದನಿಯಲ್ಲಿ ನೀರಿನೊಳಗೇ ನಡೆಯತೊಡಗಿತು. ಹೊಳೆ ಹುಟ್ಟಿದಂದಿನಿಂದ ದೀಪದ ಬೆಳಕಿನಲ್ಲಿ ತನ್ನ ಮುಖ ಕಂಡಿರಲಿಲ್ಲವಂತೆ. ನೋಡಲೆಂದು ಅರೆಗಳಿಗೆ ನಿಂತಿತಂತೆ. ನಿಂತ ನೀರಿನ ಮೇಲೆ ಅವಳು ಸೆರಗು ಬಿಗಿಹಿಡಿದು, ತನ್ನ ನೆರಳನ್ನೇ ಮೆಟ್ಟಿಕೊಂಡು ನಡೆದಳಂತೆ.

ಈ ಸೊಲ್ಲುಗಳು ಗೆದ್ದಲು ತಿಂದ ಹಾಳೆಗಳವೋ, ಚಿಕ್ಕಂದಿನಲ್ಲಿ ತಂದೆಯ ಬಾಯಲ್ಲಿ ಕೇಳಿ ಮರೆತಿದ್ದವೋ, ಈಗ ಈ ಚಾಪೆಯ ಮೇಲೆ ಹುಟ್ಟುತ್ತಿರುವವೋ. ಮಂಗಳಗೌರಿ ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಹೊಸ ಪದ ಬರುತ್ತಿತ್ತು. ಅವಳು ಗೋಡೆಗೊರಗಿ, ಎರಡೂ ಕೈಗಳನ್ನು ಮಡಿಲಲ್ಲಿ ಸುಮ್ಮನೆ ಬಿಟ್ಟು, ಕೇಳತೊಡಗಿದಳು.