ಹೆಸರಿನ ಸಂಪಾದಕ

ಬಂದರಿಗೆ ವರ್ಷದ ಮೊದಲ ಕತ್ಸುವೊ ಮೀನು ಬಂತೆಂದರೆ ನುಯಿ ಅಜ್ಜಿಗೆ ‘ಕಡಲಗಾಳಿ’ ಪತ್ರಿಕೆಯ ನೆನಪಾಗುತ್ತದೆ. ಹುಲ್ಲಿನ ಬೆಂಕಿಯಲ್ಲಿ ಮೀನು ಸುಡುವ ವಾಸನೆಯ ಜೊತೆಗೆ ಅಚ್ಚಿನ ಮಸಿಯ ವಾಸನೆಯೂ ಮೂಗಿಗೆ ಬಡಿದಂತಾಗುತ್ತದೆ. ಎಂಥ ದಿನಗಳವು! ಜಪಾನಿನ ತೊಸಾ ಸೀಮೆಯ ಹೆಂಡದಂಗಡಿಗಳಲ್ಲೂ ಜನ ಪಾರ್ಲಿಮೆಂಟು ಬೇಕೆಂಬ ಮಾತೇ ಆಡುತ್ತಿದ್ದರು. ಈಗ ಪಾರ್ಲಿಮೆಂಟು ಬಂದಿದೆ, ಆ ಮಾತು ಹೋಗಿದೆ.

ಪತ್ರಿಕೆ ವಕೀಲ ಹಿಸತಾಕೆಯವರದು. ಹಗಲು ಕೋರ್ಟಿನಲ್ಲಿ ಬಡವರ ವಕಾಲತ್ತು, ಸಂಜೆಯಾದರೆ ಪ್ರಜೆಗಳ ಹಕ್ಕಿನ ಬಗ್ಗೆ ಬರವಣಿಗೆ. ಸರ್ಕಾರಕ್ಕೆ ಮೈಯೆಲ್ಲ ಉರಿ. ಆದರೆ ಲೇಖನಗಳಿಗೆ ಯಾರೂ ರುಜು ಹಾಕುತ್ತಿರಲಿಲ್ಲ. ಕಾನೂನಿನ ಕೈಗೆ ಸಿಗುತ್ತಿದ್ದವನು ಕೊನೆಯ ಪುಟದಲ್ಲಿ ಸಂಪಾದಕ ಎಂದು ಹೆಸರು ಅಚ್ಚಾದವನು. ಹಾಗಾಗಿ ಆಗಿನ ಎಷ್ಟೋ ಪತ್ರಿಕೆಗಳು ಜೈಲಿಗೆ ಹೋಗಲೆಂದೇ ಒಬ್ಬ ಹೆಸರಿನ ಸಂಪಾದಕನನ್ನು ಇಟ್ಟುಕೊಳ್ಳುತ್ತಿದ್ದವು. ‘ಕಡಲಗಾಳಿ’ಯಲ್ಲಿ ಆ ಮಹಾನುಭಾವ ನುಯಿಯ ಗಂಡ ತೊಕುಬೆ. ಮೊದಲು ದೋಣಿ ನಡೆಸುತ್ತಿದ್ದವನು. ತನ್ನ ಹೆಸರು ಬಿಟ್ಟರೆ ಬೇರೇನೂ ಓದಲು ಬಾರದು.

ಮೂರು ಸಲ ಒಳಗೆ ಹೋಗಿ ಬಂದ. ಎಲ್ಲಿಗೆ ಹೊರಟೆ ಎಂದು ಯಾರಾದರೂ ಕೇಳಿದರೆ, “ಮಾವನ ಮನೆಗೆ ಕಣೋ! ಅಳಿಯನ್ನ ಬಿಟ್ಟಿರಕ್ಕಾಗಲ್ವಂತೆ ಅವರಿಗೆ” ಅನ್ನುತ್ತಿದ್ದ. ಹಿಂತಿರುಗುವಾಗ ಪತ್ರಿಕೆಯವರು ಸಾಕೆ ಎಂಬ ಅಕ್ಕಿಯ ಹೆಂಡ ಕುಡಿಸಿ ಮೆರವಣಿಗೆಯಲ್ಲಿ ಕರೆತರುತ್ತಿದ್ದರು. ಬೀದಿಯವರು ‘ಸಂಪಾದಕರೇ’ ಎಂದು ತಲೆಬಾಗಿದಾಗ ಅವನ ಎದೆ ಉಬ್ಬುವುದನ್ನು ನೋಡಬೇಕಿತ್ತು.

ಮೂರನೆಯ ಸಲ ಕೆಮ್ಮನ್ನೂ ಜೊತೆಗೆ ತಂದ. ಉಗುಳಿದರೆ ರಕ್ತ. ಚಳಿಗಾಲದಲ್ಲಿ ಮತ್ತೊಂದು ಮೊಕದ್ದಮೆ ಬಿದ್ದಾಗ ನುಯಿ ಗಂಡನಿಗೆ ಹೇಳದೆ ವಕೀಲರ ಮನೆಗೆ ಓಡಿದಳು.

“ವಕೀಲ್ರೇ, ಈ ಸಲ ಹೋದ್ರೆ ಅವ್ರು ಹೆಣವಾಗೇ ಬರೋದು. ದಿನಾ ಪ್ರಜೆಗಳು ಪ್ರಜೆಗಳು ಅಂತ ಬರೀತೀರಲ್ಲ, ಅದ್ರಲ್ಲಿ ನನ್ನ ಗಂಡನೂ ಇದಾರಾ, ಇಲ್ವಾ?”

ಹಿಸತಾಕೆ ಊರಿಗೇ ಹೆಸರಾದ ಮಾತಿನ ಮಲ್ಲ. ಅಂದು ಮಾತ್ರ ಬರೆಯುತ್ತಿದ್ದ ಹಾಳೆಯನ್ನು ಮಡಚಿಟ್ಟು, ಬಾಗಿಲವರೆಗೆ ಬಂದು ಅವಳನ್ನು ಕಳಿಸಿಕೊಟ್ಟರು.

ವಿಚಾರಣೆಯ ದಿನ ತೊಕುಬೆಯ ಪರವಾಗಿ ಎದ್ದುನಿಂತ ಅವರು, “ಇವನು ಸಂಪಾದಕನಲ್ಲ, ಇವನಿಗೆ ಓದಲೂ ಬರುವುದಿಲ್ಲ. ಬರೆದವನು ನಾನು” ಎಂದುಬಿಟ್ಟರು. ಅವರ ವಕೀಲಿ ಸನ್ನದು ಹೋಯಿತು, ಪತ್ರಿಕೆ ಮುಚ್ಚಿತು, ಜೈಲೂ ಆಯಿತು. ನುಯಿಗೆ ಹೋದ ಜೀವ ಬಂದಂತಾಯಿತು. ತೊಕುಬೆ ಮಾತ್ರ ಕೆಂಡವಾದ.

“ಊರವರ ಮುಂದೆ ನನ್ನ ಮಾನ ಕಳೆದ್ರು! ನನ್ನ ಹೆಸರಿಗೋಸ್ಕರ ಮೂರು ಸಲ ಜೈಲು ಕಂಡಿದೀನಿ ನಾನು. ಈಗ ಅದು ಸುಳ್ಳು ಹೆಸರಂತೆ. ಇನ್ನು ಆ ಮನುಷ್ಯನ ಮುಖ ನೋಡಲ್ಲ.”

“ಪ್ರಾಣ ಉಳೀತಲ್ಲಾರೀ.”

“ನೀನೇ ಇಟ್ಕೋ ಆ ಪ್ರಾಣಾನ.”

ಸರ್ಕಾರ ಕೊಂದ ಪತ್ರಿಕೆಗೆ ಶವಸಂಸ್ಕಾರ ಮಾಡುವುದು ಆ ಸೀಮೆಯವರ ಗತ್ತು. ಕೊನೆಯ ಸಂಚಿಕೆಯನ್ನು ಪೆಟ್ಟಿಗೆಯಲ್ಲಿಟ್ಟು, ಭಿಕ್ಷುಗಳನ್ನು ಮುಂದೆ ಬಿಟ್ಟುಕೊಂಡು ಊರಿಗೆ ಊರೇ ಸ್ಮಶಾನಕ್ಕೆ ನಡೆಯಿತು. ತೊಕುಬೆ ಬಾಗಿಲು ಹಾಕಿಕೊಂಡು ಒಳಗೇ ಕೂತ. ಮಂತ್ರದ ದನಿ ಮನೆಯ ಮುಂದೆ ಹಾದುಹೋದಾಗ ಮಾತ್ರ ಗೋಡೆಗೆ ಮುಖ ತಿರುಗಿಸಿ ಅತ್ತ.

ಆ ವರ್ಷದ ಮೊದಲ ಕತ್ಸುವೊ ಬಂದ ವಾರ, ಹಿಸತಾಕೆ ಬಿಡುಗಡೆಯಾಗುವ ದಿನ, ತೊಕುಬೆಯೇ ಬೇಗ ಎದ್ದು ಹುಲ್ಲಿನ ಚಪ್ಪಲಿ ಕಟ್ಟಿಕೊಂಡ.

“ಎಲ್ಲಿಗೆ?” ಎಂದಳು ನುಯಿ.

“ಬೈಯಕ್ಕೆ.”

ಅವಳು ಅನ್ನದುಂಡೆ ಕಟ್ಟಿಕೊಂಡು ಹಿಂದೆಯೇ ಹೋದಳು. ಪತ್ರಿಕೆಯವರೆಲ್ಲ ಚದುರಿಹೋಗಿದ್ದರಿಂದ ಜೈಲಿನ ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಬಂದ ಹಿಸತಾಕೆ ಗೋಡೆ ಹಿಡಿದು ನಡೆಯುತ್ತಿದ್ದರು. ಒಳಗಿನ ಚಳಿಗೆ ಬೆರಳುಗಳು ಬಾತು ಒಡೆದಿದ್ದವು. ತೊಕುಬೆ ಆ ಬೆರಳುಗಳನ್ನೇ ನೋಡಿದ. ಬೈಯಲು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಬೇರೆ ದಾರಿ ಹಿಡಿಯಿತು.

“ಸಮುದ್ರದ ಕಡೆ ಗೋಡೆಗೆ ಮಲಗಿದ್ರಾ? ಅಯ್ಯೋ, ಅಷ್ಟೂ ಗೊತ್ತಾಗ್ಲಿಲ್ವೇನ್ರೀ! ಅಲ್ಲಿ ನೀರು ಒಸರತ್ತೆ. ಕೈ ಕಂಕುಳಲ್ಲಿಟ್ಕೊಂಡು ಬಾಗಿಲ ಕಡೆ ಮಲಗ್ಬೇಕು. ಯಾರೂ ಹೇಳ್ಲಿಲ್ವಾ?”

ಹಿಸತಾಕೆ ಅಲ್ಲೇ ನೆಲದ ಮೇಲೆ ಮಂಡಿಯೂರಿ ಕೂತು ಅವನಿಗೆ ತಲೆಬಾಗಿದರು.

“ನೀನು ಮೂರು ಸಲ ಇಲ್ಲಿಗೆ ಬಂದೆ, ತೊಕುಬೆ. ಒಳಗೆ ಹೇಗಿತ್ತು ಅಂತ ನಾನು ಒಂದು ಸಲಾನೂ ಕೇಳಲಿಲ್ಲ. ಈಗ ಹೇಳು.”

ತೊಕುಬೆ ಅವರ ಪಕ್ಕದಲ್ಲಿ ಕೂತು, ಮೊದಲನೆಯ ರಾತ್ರಿಯಿಂದ ಹೇಳತೊಡಗಿದ. ಅನ್ನದುಂಡೆಯ ಗಂಟು ಹಿಡಿದು ನುಯಿ ನಿಂತೇ ಇದ್ದಳು. ಅವಳೂ ಅದನ್ನೆಲ್ಲ ಕೇಳುತ್ತಿದ್ದದ್ದು ಅದೇ ಮೊದಲು.